ಪಾಸ್ಕಲನ ಪಣ

ಫ್ರಾನ್ಸ್ ದೇಶದ ಬ್ಲೇಸ್ ಪಾಸ್ಕಲ್ (1623–1662) ಗಣಿತಜ್ಞನೆಂದು ವಿಖ್ಯಾತ. ಅವನ 'ಚಿಂತನೆಗಳು' ಎಂಬ ಗ್ರಂಥವನ್ನು ಓದದವರೂ ಅದರ ಪಣದ ವಾದವನ್ನು ಬಲ್ಲರು: ದೇವನನ್ನು ನಂಬಿ ಬಾಳಿದರೆ, ಅವನು ಇದ್ದಲ್ಲಿ ಲಾಭ ಅನಂತ, ಇಲ್ಲದಿದ್ದಲ್ಲಿ ನಷ್ಟ ಅತ್ಯಲ್ಪ. ಭಕ್ತಿಯನ್ನು ಜೂಜಿನ ಮಟ್ಟಕ್ಕೆ ಇಳಿಸಿದನೆಂಬ ಅಪವಾದ ಅವನಿಗೆ ಅಂಟಿದ್ದು ಇದರಿಂದಲೇ. ಆ ಅಪವಾದ ಎಷ್ಟರಮಟ್ಟಿಗೆ ನ್ಯಾಯ?

ಮೊದಲು ಗ್ರಂಥದ ಸ್ಥಿತಿಯನ್ನು ಅರಿಯಬೇಕು. ಅದು ಮುಗಿದ ಕೃತಿಯಲ್ಲ; ಕ್ರೈಸ್ತಧರ್ಮದ ಸಮರ್ಥನೆಗೆಂದು ಅವನು ಗೀಚಿಟ್ಟ ಟಿಪ್ಪಣಿಗಳ ಸಂಚಯ. ಅವನು ತೀರಿಕೊಂಡ ಎಂಟು ವರ್ಷಗಳ ತರುವಾಯ, 1670ರಲ್ಲಿ, ಪೋರ್ ರಾಯಲ್ ಮಠದ ಬಳಗದವರು ಅದನ್ನು ಪ್ರಕಟಿಸಿದರು. ಒರಟೆನಿಸಿದುದನ್ನು ತಿದ್ದಿದರು, ಅಪಾಯಕರವೆನಿಸಿದುದನ್ನು ಬಿಟ್ಟರು. ನಂಬಲಾರೆನೆನ್ನುವವನಿಗೆ ಪಾಸ್ಕಲನು ಕೊಡುವ ಸಲಹೆ, ನಂಬಿದವರಂತೆ ಪವಿತ್ರ ಜಲವನ್ನು ಸ್ವೀಕರಿಸಿ ಪೂಜಾವಿಧಿಗಳನ್ನು ನಡೆಸು ಎಂಬುದು. ಆ ಆಚರಣೆ ಮನುಷ್ಯನನ್ನು ಪಶುವಿನಂತಾಗಿಸುವುದೆಂಬ ಅರ್ಥದ ಕ್ರಿಯಾಪದವೊಂದನ್ನು ಅವನು ಅಲ್ಲಿ ಬಳಸಿದ್ದಾನೆ. ಬುದ್ಧಿಯ ಅಹಂಕಾರ ಅಡಗುವುದೆಂಬುದೇ ಅದರ ಆಶಯವಾಗಿರಬೇಕು. ಸಂಪಾದಕರಿಗೆ ಆ ಪದ ಸಹ್ಯವಾಗಲಿಲ್ಲ. 1840ರ ದಶಕದಲ್ಲಿ ವಿಕ್ಟರ್ ಕೂಸೆಂ ಹಸ್ತಪ್ರತಿಯನ್ನು ಪರಿಶೀಲಿಸಿದ ಮೇಲೆಯೇ ಅದು ಬೆಳಕಿಗೆ ಬಂದುದು. ಮಿತ್ರರ ಭಕ್ತಿಯೂ ಪಠ್ಯಕ್ಕೆ ಕಂಟಕವಾಗಬಲ್ಲದು!

ಒಂದನ್ನು ನಂಬುವುದರಿಂದ ಲಾಭವಿದೆಯೆಂದ ಮಾತ್ರಕ್ಕೆ ಅದು ಇದೆಯೆಂದಾಗದು ಎಂಬುದು 1734ರಲ್ಲಿ ವಾಲ್ಟೇರನು ಎತ್ತಿದ ಆಕ್ಷೇಪ. ತರ್ಕ ಸರಿ, ಗುರಿ ತಪ್ಪಿದೆ. ದೇವನ ಇರವನ್ನು ಬುದ್ಧಿ ನಿರ್ಣಯಿಸಲಾರದೆಂದು ಒಪ್ಪಿಕೊಂಡೇ ಪಾಸ್ಕಲನು ಪಣಕ್ಕೆ ತೊಡಗುತ್ತಾನೆ. ಅದು ದೇವನ ಅಸ್ತಿತ್ವಕ್ಕೆ ಪ್ರಮಾಣವಲ್ಲ. ನಿರ್ಣಯ ದೊರೆಯದಾಗ ಬಾಳುವುದು ಹೇಗೆಂಬ ಪ್ರಶ್ನೆ. ಆಯ್ಕೆ ಮಾಡದೆ ಕುಳಿತವನೂ ಒಂದು ಬಗೆಯಲ್ಲಿ ಬಾಳಿಯೇ ಬಾಳುತ್ತಾನಷ್ಟೆ. 1654ರಲ್ಲಿ ಫರ್ಮಾನೊಡನೆ ಪತ್ರಮುಖೇನ ಜೂಜಿನ ಲೆಕ್ಕಗಳನ್ನು ಬಿಡಿಸಿದ್ದವನು, ಜೂಜುಪ್ರಿಯ ಶ್ರೀಮಂತನಿಗೆ ತಿಳಿಯುವ ನುಡಿಯಲ್ಲಿಯೇ ಆ ಪ್ರಶ್ನೆಯನ್ನು ಒಡ್ಡಿದನು.

ದಿದೆರೋನ ಆಕ್ಷೇಪ ಇದಕ್ಕಿಂತ ತೂಕದ್ದು: ಇಸ್ಲಾಮಿನ ಇಮಾಮನೂ ಇದೇ ವಾದವನ್ನು ಹೂಡಬಲ್ಲನು. ಇದಕ್ಕೆ ಪಣದ ಭಾಗದಲ್ಲಿ ಉತ್ತರವಿಲ್ಲ. ಗ್ರಂಥದ ಬೇರೆಡೆ ಪಾಸ್ಕಲನು ಪವಾಡಗಳನ್ನೂ ಪ್ರವಾದಿಗಳ ಭವಿಷ್ಯವಾಣಿಗಳನ್ನೂ ಮುಂದಿಡುತ್ತಾನೆ; ಸಂಶಯಿಯನ್ನು ಒಪ್ಪಿಸುವ ಬಲ ಅವಕ್ಕಿಲ್ಲವೆನ್ನದೆ ವಿಧಿಯಿಲ್ಲ.

ಪಾಸ್ಕಲನ ಸ್ವಂತ ನಂಬುಗೆಯಾದರೋ ಪಣದಿಂದ ಹುಟ್ಟಿದುದಲ್ಲ. ಹೃದಯವೂ ಅರಿಯುತ್ತದೆಂದು ಅವನು ಹೇಳುವಾಗ ಭಾವಾವೇಶವನ್ನು ಹೊಗಳುತ್ತಿಲ್ಲ; ದೇಶ, ಕಾಲ, ಸಂಖ್ಯೆಗಳ ಮೂಲತತ್ತ್ವಗಳನ್ನೂ ಹೃದಯವೇ ಗ್ರಹಿಸುತ್ತದೆಂಬುದು ಅವನ ಮತ. ತರ್ಕ ಹೊರಡುವುದು ಆ ಮೇಲೆ.

1654ರ ನವೆಂಬರ್ 23ರ ರಾತ್ರಿ ಸುಮಾರು ಎರಡು ತಾಸು ತನಗಾದ ಅನುಭವವನ್ನು ಅವನು ಹಾಳೆಯೊಂದರಲ್ಲಿ ಬರೆದು, ಅಂಗಿಯ ಒಳಪದರದಲ್ಲಿ ಹೊಲಿದಿಟ್ಟುಕೊಂಡಿದ್ದನು. ಅದು ಸೇವಕನ ಕೈಗೆ ಸಿಕ್ಕಿದ್ದು ಅವನ ಮರಣಾನಂತರ. ಅದರಲ್ಲಿ ಲಾಭನಷ್ಟದ ಲೆಕ್ಕವಿಲ್ಲ. ನಿಶ್ಚಯವಿದೆ, ಆನಂದಾಶ್ರುವಿದೆ, ದೇವನಿಂದ ತಾನು ಎಂದಾದರೂ ಅಗಲಿಹೋಗುವೆನೇನೋ ಎಂಬ ಭಯವೂ ಅದೇ ಹಾಳೆಯಲ್ಲಿದೆ.