ತೆಳು ಅಟ್ಟೆಯ ಸುಖ

ಎಡದಂಡೆ ಕಾಲುವೆಯ ಏರಿಯ ಮೇಲೆ ಓಡುವವರಿಗೆ ದಪ್ಪ ಅಟ್ಟೆಯ ಬೂಟು ಸಲ್ಲದು. ಸಿಂಧನೂರಿನ ನೆಲವನ್ನು ಕಾಲಿನಿಂದ ಬಲ್ಲವನಾಗಿ ಈ ಮಾತು ಹೇಳುತ್ತಿದ್ದೇನೆ. ಮುನಿರಾಬಾದಿನಿಂದ ಹೊರಟು 227 ಕಿ.ಮೀ. ಸಾಗುವ ತುಂಗಭದ್ರೆಯ ಈ ಕಾಲುವೆ ನಮ್ಮ ಎರೆಹೊಲಗಳನ್ನು ಭತ್ತದ ಗದ್ದೆ ಮಾಡಿತು. ಜೊತೆಗೆ, ಓಡುವವರಿಗೆಂದೇ ಹಾಸಿದಂತಿರುವ ಗರಸಿನ ದಾರಿಯನ್ನೂ ಕೊಟ್ಟಿತು. ಒಂದು ಕಡೆ ನೀರು, ಇನ್ನೊಂದು ಕಡೆ ಸೋನಾ ಮಸೂರಿಯ ಪೈರು. ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗರು ನಸುಕಿನಲ್ಲೇ ಬಂದು 1,600 ಮೀಟರಿನ ಓಟ ಹಚ್ಚುತ್ತಾರೆ. ಎಷ್ಟೋ ಹುಡುಗರ ಕಾಲಲ್ಲಿ ಪೇಟೆಯ ಅಗ್ಗದ ಬೂಟು, ಕೆಲವರದು ಬರಿಗಾಲು. ಅವರ ಹೆಜ್ಜೆಯ ಸಪ್ಪಳ ಕೇಳಿದರೆ ಯಾರ ಪಾದ ನೆಲವನ್ನು ಅರಿತು ಬೀಳುತ್ತಿದೆ, ಯಾರದು ಸುಮ್ಮನೆ ಬಡಿಯುತ್ತಿದೆ ಎಂಬುದು ತಿಳಿಯುತ್ತದೆ.

ನಾನು ಬಹುಕಾಲ ಮೆಚ್ಚಿ ತೊಟ್ಟ ಬೂಟು ಈಗ ಬರುವುದಿಲ್ಲ. ಕಂಪನಿ ಅದನ್ನು ನಿಲ್ಲಿಸಿತು. ಅದರ ಗುಣಗಳನ್ನು ಒಮ್ಮೆ ನಿಧಾನವಾಗಿ ನೆನೆಯಬೇಕು. ಬದಲಿ ಹುಡುಕಲು ನನಗೆ ದಾರಿ ತೋರಿಸಿದ್ದೂ ಆ ನೆನಪೇ.

ಮೊದಲನೆಯದು ಅದರ ತಳ. ಹಿಮ್ಮಡಿಗೂ ಮುಂಗಾಲಿಗೂ ನಡುವೆ ನಾಲ್ಕು ಮಿಲಿಮೀಟರಿನಷ್ಟೇ ಏರಿಳಿತ. ಹಳೆಯ ಪದ್ಧತಿಯ ಬೂಟುಗಳಲ್ಲಿ ಇದು ಹತ್ತು ಹನ್ನೆರಡು ಇರುತ್ತಿತ್ತು. ಹಿಮ್ಮಡಿ ಎತ್ತರವಾದಷ್ಟೂ ಕಾಲು ಹಿಮ್ಮಡಿಯಿಂದಲೇ ನೆಲ ಮುಟ್ಟಲು ಹವಣಿಸುತ್ತದೆ. ಎತ್ತರ ಇಳಿದರೆ ಪಾದದ ನಡುಭಾಗ ಮುಂದೆ ಬರುತ್ತದೆ, ಮೀನಖಂಡಕ್ಕೆ ಕೆಲಸ ಹೆಚ್ಚುತ್ತದೆ. ಆ ಕೆಲಸದಲ್ಲೇ ಒಂದು ಸುಖವಿದೆ. ಗರಸಿನ ಹರಳು ಅಟ್ಟೆಯ ಕೆಳಗೆ ಸಿಕ್ಕಾಗ ಚುಚ್ಚುತ್ತಿರಲಿಲ್ಲ, ಆದರೆ ಇಲ್ಲೊಂದು ಹರಳಿದೆ ಎಂದು ತಿಳಿಯುತ್ತಿತ್ತು. ಹದವಾಗಿ ನೆನೆದ ಮಸಾರಿ ಮಣ್ಣಿನ ಮೇಲೆ ಓಡುವಾಗ ಆ ತಳ ಮಣ್ಣಿಗೆ ತಕ್ಕಂತೆ ಬಾಗುತ್ತಿತ್ತು. ಬಿಸಿಲಿಗೆ ಬಿರಿದ ಎರೆಯ ಮೇಲೆ ಬಿರುಕಿನ ಅಂಚನ್ನು ಪಾದಕ್ಕೆ ಮುಟ್ಟಿಸುತ್ತಿತ್ತು. ಮುಂಭಾಗ ಅಗಲವಾಗಿದ್ದರಿಂದ ಬೆರಳುಗಳು ಹರಡಿಕೊಳ್ಳಲು ಜಾಗವಿತ್ತು. ಮೇಲ್ಬಟ್ಟೆ ತೆಳು ಜಾಲರಿ: ಧೂಳು ಒಳಗೆ ಬರುತ್ತಿತ್ತು ನಿಜ, ಆದರೆ ಗದ್ದೆಯ ಬದುವಿನಲ್ಲಿ ನೆನೆದರೆ ಮನೆ ಮುಟ್ಟುವುದರೊಳಗೆ ಅರೆ ಒಣಗಿರುತ್ತಿತ್ತು. ರಾಯಚೂರು ಜಿಲ್ಲೆಯ ಬೇಸಿಗೆಗೆ ಇದಕ್ಕಿಂತ ಒಳ್ಳೆಯ ಗುಣ ಬೇಕೆ?

ಇಂಥ ಬೂಟು ಯಾಕೆ ನಿಂತಿತು ಎಂಬುದಕ್ಕೆ ಜಗತ್ತಿನ ಮಾರುಕಟ್ಟೆಯ ಕಥೆಯೊಂದಿದೆ. 2009ರಲ್ಲಿ ಕ್ರಿಸ್ಟೋಫರ್ ಮ್ಯಾಕ್‌ಡೂಗಲ್ ಅವರ ‘ಬಾರ್ನ್ ಟು ರನ್’ ಪುಸ್ತಕ ಬಂದ ಮೇಲೆ ತೆಳು ಬೂಟು, ಬರಿಗಾಲ ಓಟಗಳಿಗೆ ಹುಚ್ಚು ಬೇಡಿಕೆ ಬಂತು. ಬೆರಳಿಗೊಂದು ಗೂಡು ಇರುವ ಫೈವ್‌ಫಿಂಗರ್ಸ್ ಬೂಟಿನ ವಿಬ್ರಮ್ ಕಂಪನಿ ಆರೋಗ್ಯದ ಲಾಭಗಳ ಬಗ್ಗೆ ಮಾಡಿದ ಪ್ರಚಾರ ಕೋರ್ಟಿನವರೆಗೂ ಹೋಗಿ, 2014ರಲ್ಲಿ ಸುಮಾರು 37.5 ಲಕ್ಷ ಡಾಲರಿನ ರಾಜಿಯಲ್ಲಿ ಮುಗಿಯಿತು. ಅಷ್ಟರಲ್ಲಿ ಗಾಳಿ ತಿರುಗಿತ್ತು. ಹೋಕಾ ಕಂಪನಿ ತಂದ ದಪ್ಪ ತಳ ಜನಕ್ಕೆ ಹಿಡಿಸಿತು. 2017ರಲ್ಲಿ ನೈಕಿಯ ವೇಪರ್‌ಫ್ಲೈ ಹಗುರ, ಪುಟಿಯುವ ಫೋಮು ಮತ್ತು ಕಾರ್ಬನ್ ಪಟ್ಟಿಯೊಂದಿಗೆ ಬಂದು ಮ್ಯಾರಥಾನಿನ ಲೆಕ್ಕವನ್ನೇ ಬದಲಿಸಿತು. 2020ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ತಳ 40 ಮಿ.ಮೀ. ಮೀರಬಾರದೆಂದು ಗೆರೆ ಎಳೆಯಬೇಕಾಯಿತು. ಎಲ್ಲರೂ ಆ ಗೆರೆಯತ್ತ ಏರುತ್ತಿರುವಾಗ ತೆಳು ಅಟ್ಟೆಯ ಬೂಟಿಗೆ ಗಿರಾಕಿ ಯಾರು? ದಪ್ಪ ತಳವನ್ನು ನಾನು ಹಳಿಯುವುದಿಲ್ಲ. ಡಾಂಬರಿನ ಮೇಲೆ ಗಂಟೆಗಟ್ಟಲೆ ಓಡುವವರಿಗೆ ಅದು ಹಿತವೆನಿಸಬಹುದು. ನಮ್ಮ ಏರಿಯ ಗರಸು ಮಾತ್ರ ಡಾಂಬರಲ್ಲ.

ಉಳಿದ ಹಳೆಯ ಜೋಡುಗಳನ್ನು ಕೊಂಡು ಕೂಡಿಡಬಹುದಲ್ಲ ಎಂದು ಗೆಳೆಯರು ಹೇಳಿದರು. ಅದಕ್ಕೆ ನಾನು ಒಪ್ಪಲಿಲ್ಲ. ತಳದ ಫೋಮು ಸಾಮಾನ್ಯವಾಗಿ ಇ.ವಿ.ಎ. ಎಂಬ ಪ್ಲಾಸ್ಟಿಕ್ಕು, ಕಣ್ಣಿಗೆ ಕಾಣದ ಗಾಳಿಗೂಡುಗಳ ರಾಶಿ. ತೊಟ್ಟರೆ ಆ ಗೂಡುಗಳು ಕುಗ್ಗುತ್ತವೆ. ತೊಡದೆ ವರ್ಷಗಟ್ಟಲೆ ಇಟ್ಟರೂ ಫೋಮು ನಿಧಾನವಾಗಿ ಬಿರುಸಾಗುತ್ತದೆ, ಅಂಟು ಬಿಡುತ್ತದೆ. ನಮ್ಮ ಕಡೆಯ ಸೆಕೆಗೆ ಇನ್ನೂ ಬೇಗ. ಅದೇ ಹೆಸರಿನ ಹೊಸ ಆವೃತ್ತಿ ಕೊಳ್ಳುವುದೂ ಪರಿಹಾರವಲ್ಲ. 1983ರಲ್ಲಿ ಮೊದಲು ಬಂದ ನೈಕಿಯ ಪೆಗಾಸಸ್ ಇಂದಿಗೂ ಅದೇ ಹೆಸರಿನಲ್ಲಿ ಬರುತ್ತಿದೆ, ಆದರೆ ಹೆಸರಿನೊಳಗಿನ ಬೂಟು ಎಷ್ಟು ಸಲ ಬದಲಾಗಿದೆಯೋ! ನಿಜವಾಗಿ ನೋಡಬೇಕಾದದ್ದು ಅಚ್ಚನ್ನು. ಪಾದದಾಕಾರದ ಆ ಅಚ್ಚಿನ ಸುತ್ತಲೇ ಬೂಟಿನ ಮೈ ಕಟ್ಟುತ್ತಾರೆ. ಬಣ್ಣ, ಫೋಮು, ದಾರ ಏನೇ ಬದಲಾದರೂ ಅಚ್ಚು ಕಾಲಿಗೆ ಹೊಂದಿದರೆ ಅರ್ಧ ಕೆಲಸ ಆದಂತೆ. ಅಚ್ಚು ಹೊಂದದಿದ್ದರೆ ಎಂಥ ದುಬಾರಿ ಬೂಟೂ ಕಿರುಬೆರಳಿಗೆ ಗುಳ್ಳೆ ಎಬ್ಬಿಸುತ್ತದೆ.

ಅಬೆಬೆ ಬಿಕಿಲಾ ನೆನಪಾಗುತ್ತಾನೆ. 1960ರ ರೋಮ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಹೊಸ ಬೂಟು ಕಾಲಿಗೆ ಹೊಂದಲಿಲ್ಲವೆಂದು ಆ ಇಥಿಯೋಪಿಯಾದ ಸೈನಿಕ ಬರಿಗಾಲಲ್ಲೇ ಓಡಿ, 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಗೆದ್ದ. ನಾಲ್ಕು ವರ್ಷದ ಮೇಲೆ ಟೋಕಿಯೊದಲ್ಲಿ ಬೂಟು ತೊಟ್ಟು ಓಡಿ ಮತ್ತೆ ಗೆದ್ದ. ಬರಿಗಾಲ ಸಾಹಸವನ್ನು ಎಲ್ಲರೂ ಹೊಗಳುತ್ತಾರೆ; ನನಗೆ ಹಿಡಿಸುವುದು ಅವನ ನಿರ್ಣಯ. ಹೊಂದದ್ದನ್ನು ಬಿಟ್ಟ, ಹೊಂದಿದ್ದನ್ನು ತೊಟ್ಟ. 1951ರ ಬೋಸ್ಟನ್ ಮ್ಯಾರಥಾನ್ ಗೆದ್ದ ಜಪಾನಿನ ಶಿಗೆಕಿ ತನಾಕಾನ ಕಾಲಲ್ಲಿದ್ದದ್ದು ಹೆಬ್ಬೆರಳು ಬೇರೆಯಾಗಿರುವ ತಾಬಿ ಬೂಟು. ಅವರ ನಾಡಿನ ಪಾದರಕ್ಷೆಯ ಆಕಾರವೇ ಓಟಕ್ಕೆ ಬಂದಿತ್ತು.

ಹಾಗಾಗಿ ನಾನು ಅಂಗಡಿಯ ಗಾಜಿನ ಕಪಾಟು ಬಿಟ್ಟು ನಮ್ಮ ನೆಲದ ಮೇಲೆಯೇ ಪರೀಕ್ಷೆ ಮಾಡತೊಡಗಿದೆ. ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು: ಹೆದ್ದಾರಿಯ ಈ ಒಂದೇ ಹಾದಿಯಲ್ಲಿ ಮೂರು ಬಗೆಯ ನೆಲ ಸಿಗುತ್ತದೆ. ಮಳೆ ನಿಂತ ಮೇಲೆ ಸಿಂಧನೂರಿನ ಎರೆ ಅಟ್ಟೆಗೆ ಮೆತ್ತಿ ಹೆಜ್ಜೆಹೆಜ್ಜೆಗೆ ಭಾರವಾಗುತ್ತದೆ. ತಳದ ಗೀರು ಇಕ್ಕಟ್ಟಾಗಿದ್ದರೆ ಮಣ್ಣು ಅಲ್ಲೇ ಕಚ್ಚಿ ಕೂರುತ್ತದೆ, ಅಗಲವಾಗಿ ಬಿಡಿಬಿಡಿಯಾಗಿದ್ದರೆ ಉದುರುತ್ತದೆ. ಲಿಂಗಸುಗೂರಿನಿಂದ ಹಟ್ಟಿ ಚಿನ್ನದ ಗಣಿಯ ಕಡೆ ಹೋಗುವಾಗ ಕೆಂಪು ಮಣ್ಣಿನಲ್ಲಿ ಚೂಪು ಕಲ್ಲುಗಳೇ ಹೆಚ್ಚು. ಮಸ್ಕಿಯದು ಬಂಡೆ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಅಶೋಕನ ಶಾಸನ ಕಂಡ ಊರು ಅದು. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನ ಹೆಸರೂ ಅಲ್ಲಿ ಸಿಕ್ಕಿದ್ದರಿಂದ ಶಾಸನಗಳ ದೇವಾನಾಂಪ್ರಿಯ ಅಶೋಕನೇ ಎಂಬುದು ಖಚಿತವಾಯಿತು. ಅಲ್ಲಿಯ ಬೆಟ್ಟದ ನುಣುಪು ಬಂಡೆಗಳ ಮೇಲೆ ಇಳಿಯುವಾಗ ಅಟ್ಟೆಯ ರಬ್ಬರು ಹಿಡಿಯುತ್ತದೆಯೋ ಜಾರುತ್ತದೆಯೋ ಎಂಬುದು ಎರಡೇ ಹೆಜ್ಜೆಯಲ್ಲಿ ತಿಳಿಯುತ್ತದೆ.

ಮೂರೂ ನೆಲ ದಾಟಿದ ಒಂದು ಬೂಟು ಕೊನೆಗೆ ಸಿಕ್ಕಿತು. ಬೇರೆ ಕಂಪನಿಯದು, ಬೇರೆ ಬಣ್ಣ, ಹೆಸರೂ ಪರಿಚಯದ್ದಲ್ಲ. ಅಚ್ಚು ಅಗಲ, ಏರಿಳಿತ ಹಳೆಯದರಷ್ಟೇ, ತಳ ಹಳೆಯದಕ್ಕಿಂತ ತುಸು ದಪ್ಪ. ಕಾಲುವೆಯ ಹರಳು ಮೊದಲಿನಷ್ಟು ಸ್ಪಷ್ಟವಾಗಿ ಪಾದಕ್ಕೆ ತಿಳಿಯುವುದಿಲ್ಲ. ಆದರೆ ಮಸ್ಕಿಯ ಬಂಡೆಯ ಮೇಲೆ ಹಳೆಯ ಬೂಟಿಗಿಂತ ಇದೇ ಗಟ್ಟಿಯಾಗಿ ಹಿಡಿಯುತ್ತದೆ, ಇಳಿಜಾರಿನಲ್ಲಿ ಧೈರ್ಯ ಬರುತ್ತದೆ. ಒಳಗಿನ ಮೆತ್ತೆಯನ್ನು ಕಿತ್ತು, ಸಿಂಧನೂರಿನ ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವ ಹಿರಿಯರ ಕೈಯಲ್ಲಿ ತೆಳುವಾದದ್ದೊಂದನ್ನು ಕತ್ತರಿಸಿ ಹಾಕಿಸಿದೆ. ಬೂಟನ್ನು ಹೊರಳಿಸಿ ನೋಡಿ, ಹೆಬ್ಬೆರಳಿನಿಂದ ತಳ ಒತ್ತಿ, ‘ಅಟ್ಟಿ ಚಲೋ ಐತ್ರಿ, ಮೆತ್ತಿನ ದಪ್ಪ ಇತ್ತು’ ಎಂದರು. ಮೆತ್ತೆ ತೆಳುವಾದ ಮೇಲೆ ಹರಳುಗಳು ಸ್ವಲ್ಪ ಸ್ವಲ್ಪವಾಗಿ ಪಾದಕ್ಕೆ ತಿಳಿಯತೊಡಗಿವೆ. ಮಳೆಗಾಲದ ಎರೆಯಲ್ಲಿ ಇದರ ಗೀರುಗಳಿಂದ ಮಣ್ಣು ಇನ್ನೂ ಸಲೀಸಾಗಿ ಉದುರಬೇಕಿತ್ತು. ಆ ಒಂದು ಗುಣದಲ್ಲಿ ಹಳೆಯದೇ ಮೇಲು.