ವಾಚ್ಯಾರ್ಥದಲ್ಲಿಯೇ ನಿಂತವರು

ಹಾಸ್ಯವನ್ನೂ ವ್ಯಂಗ್ಯವನ್ನೂ ಆಡಿದಂತೆಯೇ ನಂಬಿಬಿಡುವವರನ್ನು ಅರಸಿಕರೆಂದು ಕರೆದು ಸುಮ್ಮನಾಗುವುದು ವಾಡಿಕೆ. ಆದರೆ ತಪ್ಪು ಯಾವಾಗಲೂ ಕೇಳುವವನದೇ ಆಗಿರುತ್ತದೆಯೆ? ನಮ್ಮ ಸೀಮೆಯ ನಂಟಿರುವ ಎರಡು ಕೃತಿಗಳ ಮೂಲಕ ಈ ಪ್ರಶ್ನೆಯನ್ನು ವಿಚಾರಿಸಬಹುದು.

ಮೊದಲನೆಯದು, ಹಾಲ ಸಾತವಾಹನನ ಹೆಸರಿನಲ್ಲಿರುವ ಪ್ರಾಕೃತ ಸಂಕಲನ ‘ಗಾಥಾಸಪ್ತಶತಿ’. ಅದರಿಂದ ಗಾಥೆಗಳನ್ನು ಆರಿಸಿ ತೆಲುಗಿಗೆ ತಂದವರು, ಕಲ್ಯಾಣದುರ್ಗದ ಸೀಮೆಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಜನಿಸಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗನ್ನು ಬೋಧಿಸಿದ ಅನಂತಕೃಷ್ಣ ಶರ್ಮರು. ಮೂಲ ಸಂಕಲನದ ಒಂದು ಗಾಥೆಯನ್ನು ಒಂಬತ್ತನೆಯ ಶತಮಾನದ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಉದಾಹರಿಸಿದ್ದಾನೆ. ಗೋದಾವರಿಯ ದಡದ ಪೊದೆಯೊಂದು ಒಬ್ಬ ಹೆಣ್ಣಿನ ಏಕಾಂತದ ತಾಣ. ಧಾರ್ಮಿಕನೊಬ್ಬನು ಆ ಕಡೆ ಸುಳಿದಾಡಿ ಅದಕ್ಕೆ ಭಂಗ ತರುತ್ತಾನೆ. ಅವನಿಗಿರುವ ಭಯ ಒಂದು ನಾಯಿಯದು ಮಾತ್ರ. ಇನ್ನು ನಿರ್ಭಯವಾಗಿ ತಿರುಗಾಡಬಹುದು, ಆ ನಾಯಿಯನ್ನು ಅಲ್ಲಿಯೇ ವಾಸಿಸುವ ಸಿಂಹವು ಇಂದು ಕೊಂದಿತು ಎಂದು ಅವಳು ತಿಳಿಸುತ್ತಾಳೆ. ಮಾತಿನಲ್ಲಿ ಅನುಮತಿ, ಧ್ವನಿಯಲ್ಲಿ ನಿಷೇಧ. ನಾಯಿ ಸತ್ತಿತೆಂಬುದನ್ನಷ್ಟೇ ಕೇಳಿ ಹಿಗ್ಗಿದವನು ಸಿಂಹದ ಬಾಯಿಗೇ ನಡೆಯುತ್ತಾನೆ. ಆದರೆ ಅವಳು ಸಿಂಹವನ್ನು ಮುಚ್ಚಿಡಲಿಲ್ಲ ಎಂಬುದನ್ನು ಗಮನಿಸಬೇಕು.

ಎರಡನೆಯದು ನಾ. ಕಸ್ತೂರಿಯವರ ‘ಅನರ್ಥಕೋಶ’. ಕೇರಳದಲ್ಲಿ ಹುಟ್ಟಿದ, ಮಲಯಾಳಂ ಮನೆಮಾತಿನ ಕಸ್ತೂರಿಯವರು ಮೈಸೂರಿನಲ್ಲಿ ಅಧ್ಯಾಪಕರಾಗಿದ್ದು ಕನ್ನಡವನ್ನು ಒಲಿಸಿಕೊಂಡರು. 1942ರಲ್ಲಿ ರಾಶಿಯವರು ಆರಂಭಿಸಿದ ‘ಕೊರವಂಜಿ’ಯ ಪ್ರಮುಖ ಲೇಖಕರಾದರು. ಬಾಳಿನ ಕೊನೆಯ ದಶಕಗಳನ್ನು ಹಿಂದೂಪುರಕ್ಕೆ ಸಮೀಪದ ಪುಟ್ಟಪರ್ತಿಯಲ್ಲಿ ಕಳೆದು 1987ರಲ್ಲಿ ನಿಧನರಾದರು. ಅವರ ಕೋಶಕ್ಕೆ ನಿಘಂಟಿನ ವೇಷವಿದೆ. ಅದನ್ನು ನಿಘಂಟೆಂದೇ ನಂಬಿ ಅರ್ಥ ಹುಡುಕುವವನಿಗೆ ದೊರೆಯುವುದು ಅನರ್ಥವೇ. ಆದರೆ ಆ ಎಚ್ಚರಿಕೆಯನ್ನು ಲೇಖಕರು ರಕ್ಷಾಪುಟದ ಮೇಲೆಯೇ ಬರೆದಿದ್ದಾರೆ.

ಇಲ್ಲಿ ಒಂದು ಮಾನದಂಡ ದೊರೆಯುತ್ತದೆ. ಒಳ್ಳೆಯ ವ್ಯಂಗ್ಯವು ತನ್ನ ಬೀಗದ ಕೈಯನ್ನು ತನ್ನಲ್ಲಿಯೇ ಇಟ್ಟಿರುತ್ತದೆ. ಅದನ್ನು ಕಾಣದಿದ್ದರೆ ಓದುಗನ ಅವಸರ; ಅದು ಇಲ್ಲದೆಯೇ ಹೋದರೆ ಬರೆದವನ ದೋಷ. ಕಟುವಾಗಿ ನುಡಿದು, ಎದುರಿನವರು ನೊಂದ ಮೇಲೆ ‘ತಮಾಷೆಗೆ ಹೇಳಿದೆ’ ಎನ್ನುವವನು ಈ ಮಾನದಂಡದಲ್ಲಿ ತೇರ್ಗಡೆಯಾಗಲಾರ.

ಗಡಿಯ ಕನ್ನಡಿಗರಾದ ನಮಗೆ ಇದು ಬರಿಯ ಅಲಂಕಾರಶಾಸ್ತ್ರದ ವಿಷಯವಲ್ಲ. ನಮ್ಮ ಮಕ್ಕಳಲ್ಲಿ ಬಹುಮಂದಿ ಓದುವುದು ತೆಲುಗು ಇಲ್ಲವೆ ಇಂಗ್ಲಿಷ್ ಮಾಧ್ಯಮದಲ್ಲಿ. ಕನ್ನಡದ ಪದಗಳು ಅವರಲ್ಲಿ ಉಳಿದಿವೆ. ಪದಗಳ ಹಿಂದಿನ ದನಿ ಸವೆಯುತ್ತಿದೆ. ತಡವಾಗಿ ಮನೆಗೆ ಬಂದ ಮಗನಿಗೆ ತಾಯಿ, ‘ಇಷ್ಟು ಬೇಗ ಬಂದುಬಿಟ್ಟೆಯೇನಪ್ಪ? ಇನ್ನೂ ಸ್ವಲ್ಪ ತಿರುಗಾಡಿಕೊಂಡು ಬರಬಹುದಿತ್ತು’ ಎಂದರೆ, ‘ಸರಿಯಮ್ಮ’ ಎಂದು ಮತ್ತೆ ಚಪ್ಪಲಿ ಮೆಟ್ಟುವ ಮಗನು ಪದಗಳನ್ನೆಲ್ಲ ಬಲ್ಲ, ತಾಯಿಯನ್ನು ಅರಿಯ. ಭಾಷೆಯಲ್ಲಿ ಕೊನೆಗೆ ಕೈಗೆಟುಕುವುದೂ ಮೊದಲು ಕೈಜಾರುವುದೂ ಈ ವ್ಯಂಗ್ಯಾರ್ಥವೇ.

ಮಕ್ಕಳಿಗೆ ಅರ್ಥವಾಗದೆಂದು ಹಿರಿಯರು ಗಾದೆ, ಕುಚೋದ್ಯ, ಕೊಂಕುಗಳನ್ನು ಬಿಟ್ಟು ಸಪ್ಪೆಯ ಕನ್ನಡವನ್ನಷ್ಟೇ ಆಡುವುದು ಸಲ್ಲದು. ಮನೆಮಾತು ಮಲಯಾಳವಾಗಿದ್ದ ಕಸ್ತೂರಿಯವರು ಕನ್ನಡದಲ್ಲಿ ನಾಡನ್ನೇ ನಗಿಸಿದರು. ಮನೆಯಲ್ಲಿಯೇ ಕನ್ನಡವಿರುವ ಮಕ್ಕಳಿಗೆ, ಒಮ್ಮೆ ತಪ್ಪು ತಿಳಿದರೂ ಬೈಯದೆ, ನಕ್ಕು ಬಿಡಿಸಿ ಹೇಳುವವರೊಬ್ಬರಿದ್ದರೆ ಸಾಕು.