ಗ್ರಂಥಭಂಡಾರದ ಸಾರ್ಥಕ್ಯಕ್ಕೆ ಪ್ರಮಾಣವೇನು?

ವಿದ್ಯಾಸಂಸ್ಥೆಗಳ ಗ್ರಂಥಭಂಡಾರಗಳು ತಮ್ಮ ಪ್ರಯೋಜನವನ್ನು ನಿರೂಪಿಸುವಾಗ ಕಟ್ಟುಗಳ ಮತ್ತು ವಾಚಕರ ಸಂಖ್ಯೆಯನ್ನೇ ಮುಂದಿಡುವುದು ರೂಢಿಯಾಗಿದೆ. ಸಂಖ್ಯೆಯು ಸಂಗ್ರಹದ ಗಾತ್ರವನ್ನು ಸೂಚಿಸುತ್ತದೆಯೇ ಹೊರತು ಅದರ ಫಲವನ್ನಲ್ಲ.

1891ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯ ಗ್ರಂಥಭಂಡಾರವನ್ನು ಪರಿಶೀಲಿಸಬಹುದು. ತಂಜಾವೂರು ಸೀಮೆಯ ಪಂಡಿತರೊಬ್ಬರು ಅಲ್ಲಿಗೆ ಒಪ್ಪಿಸಿದ ಓಲೆಯ ಪ್ರತಿಯು ಲೆಕ್ಕದಲ್ಲಿ ಒಂದೇ ಕಟ್ಟು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ 1909ರಲ್ಲಿ ಮುದ್ರಿಸಿದರು. 1916ರಲ್ಲಿ ಆ ಭಂಡಾರವನ್ನು ಪಡೆದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಆ ಕೀರ್ತಿಯೂ ಜೊತೆಗೂಡಿ ಬಂದಿತು. ಓಲೆಯನ್ನು ಓದಬಲ್ಲ ವಿದ್ವಾಂಸನನ್ನು ಪೋಷಿಸಿದುದರ ಫಲವಿದು.

ಆದರೆ ಅಪೂರ್ವವಾದ ಒಂದು ಶೋಧವನ್ನೇ ನಿತ್ಯಪ್ರಮಾಣವೆಂದು ಭಾವಿಸುವುದೂ ಯುಕ್ತವಲ್ಲ. ನಿತ್ಯಪ್ರಮಾಣವಾಗಬಲ್ಲುದು ಗ್ರಂಥಸೂಚಿ. ಹರಿ ದಾಮೋದರ ವೇಲಣಕರರ 'ಜಿನರತ್ನಕೋಶ'ವು 1944ರಲ್ಲಿ ಪುಣೆಯ ಭಾಂಡಾರಕರ ಸಂಸ್ಥೆಯಿಂದ ಪ್ರಕಟವಾಯಿತು. ಹಲವು ಭಂಡಾರಗಳ ಸೂಚಿಗಳು ಮೊದಲೇ ಸಿದ್ಧವಾಗಿರದಿದ್ದರೆ ಜೈನ ಕೃತಿಗಳ ಆ ಮಹಾಕೋಶವು ಸಾಧ್ಯವಾಗುತ್ತಿರಲಿಲ್ಲ. ಸೂಚಿಯಲ್ಲಿ ಸೇರದ ಓಲೆಯು ಸಂಶೋಧಕನ ಪಾಲಿಗೆ ಇದ್ದೂ ಇಲ್ಲದಂತೆ.

ಆದುದರಿಂದ ಯಾವ ಪ್ರತಿಯು ಯಾವ ಸಂಪಾದನೆಗೆ ಆಧಾರವಾಯಿತು, ಯಾವ ಪಾಠವನ್ನು ಶುದ್ಧಗೊಳಿಸಿತು ಎಂಬುದನ್ನು ಪ್ರತಿಯೊಂದು ಭಂಡಾರವೂ ದಾಖಲಿಸುವುದು ಅವಶ್ಯ. ಈ ದಾಖಲೆಯಿಲ್ಲದ ವಾರ್ಷಿಕ ವರದಿಯು ಎಷ್ಟೇ ದೀರ್ಘವಾಗಿದ್ದರೂ ಪಾಲಕರ ಶ್ರಮಕ್ಕಾಗಲಿ, ಶಾಸ್ತ್ರದಾನ ಮಾಡಿದವರ ಆಶಯಕ್ಕಾಗಲಿ ನ್ಯಾಯ ಒದಗಿಸಲಾರದು.